ಗಾಳಿಗಾಲುವೆ

ಕಾಲಿಗೆ ಗಾಳಿ ತಾಕಲಿಲ್ಲ. ವೆಂಕೋಬ ಚಪ್ಪಲಿ ಬಿಟ್ಟು, ಪಕ್ಕದವರಿಗೆ ತಿಳಿಯದಂತೆ ಪ್ಯಾಂಟಿನ ಅಂಚನ್ನು ತುಸು ಮೇಲಕ್ಕೆಳೆದುಕೊಂಡು, ಬರಿಗಾಲನ್ನು ಬೆಂಚಿನಡಿಯ ಕಬ್ಬಿಣದ ಜಾಲರಿಯ ಮೇಲಿಟ್ಟು ಕಾದ. ಜಾಲರಿ ಬೆಚ್ಚಗಿತ್ತು. ಹೊಸ ಟಾಕೀಸಿನ ಹಿಂದಿನ ಕೋಣೆಯಲ್ಲಿ ದೊಡ್ಡ ಪಂಖ ತಿರುಗುತ್ತಿರುವ ಸದ್ದು ಗೋಡೆಗಳೊಳಗಿಂದ ಸಣ್ಣಗೆ ಬರುತ್ತಲೇ ಇತ್ತು. ನೀರು ಕುಡಿದ ಲಾವಂಚದ ಬೇರಿನ ವಾಸನೆ ಕೂಡ ಎಲ್ಲಿಂದಲೋ ಸುಳಿದು ಹೋಯಿತು. ಸದ್ದಿದೆ, ವಾಸನೆಯಿದೆ, ಗಾಳಿ ಮಾತ್ರ ಇಲ್ಲ. ಇನ್ನೂ ಬಂದಿಲ್ಲ ಅಷ್ಟೇ, ದೂರದಿಂದ ಬರಬೇಕಲ್ಲ, ಎಂದುಕೊಂಡ. ಈ ಬೆಂಚನ್ನು ಅವನು ಬೇಕೆಂದೇ ಹುಡುಕಿ ಕುಳಿತಿದ್ದ. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಎದೆಮಟ್ಟದ ಒಂದು ಅಡ್ಡಗೋಡೆ. ಅದಕ್ಕೆ ಒತ್ತಿಕೊಂಡ ಕೊನೆಯ ಬೆಂಚು ಇದು. ಅವನು ನಕ್ಷೆಯಲ್ಲಿ ಬರೆದ, ನೆಲದಡಿಯ ಎಡಗಡೆ ಗಾಳಿದಾರಿ ಹೆಂಗಸರ ಕಡೆಯನ್ನೆಲ್ಲ ಸುತ್ತಿ ಬಂದು ಇಲ್ಲಿಗೆ ಮುಗಿಯುತ್ತಿತ್ತು. ಇಲ್ಲಿಗೆ ಮುಟ್ಟಿತೆಂದರೆ ಎಲ್ಲರಿಗೂ ಮುಟ್ಟಿತೆಂದೇ ಅರ್ಥ. ಮೇಲೆ ಬಾಲ್ಕನಿಯಲ್ಲಿ, ಉದ್ಘಾಟನೆಗೆಂದು ಲಿಂಗಸುಗೂರಿನಿಂದ ಬಂದ ಸರ್ಕಾರಿ ಸಾಹೇಬರ ಪಕ್ಕದಲ್ಲಿ ಅವನಿಗೊಂದು ಮೆತ್ತನೆಯ ಕುರ್ಚಿ ಇಟ್ಟಿದ್ದರು. ಅದನ್ನು ಬಿಟ್ಟು, ಬೆಳಗಿನ ಪೂಜೆಯಲ್ಲಿ ಕೊರಳಿಗೆ ಬಿದ್ದ ಚೆಂಡುಹೂವಿನ ಹಾರವನ್ನು ಎಲ್ಲಿಡಬೇಕೋ ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಇಲ್ಲಿ ಬಂದು ಕೂತಿದ್ದ.

ದೀಪಗಳು ಸಾಲುಸಾಲಾಗಿ ಆರತೊಡಗಿದವು. ಹೀಗೆ ಆರಬೇಕೆಂದು ಬರೆದವನೂ ಅವನೇ: ಮೊದಲು ಹಿಂಗೋಡೆಯವು, ಆಮೇಲೆ ಪಕ್ಕದವು, ಕೊನೆಗೆ ಪರದೆಯ ಬಳಿಯವು. ಬಿಸಿಲಿನಿಂದ ಬಂದವರ ಕಣ್ಣು ಕತ್ತಲಿಗೆ ಒಗ್ಗಲಿ ಎಂದು. ಜನ ಅದನ್ನೇ ಒಂದು ಆಟವೆಂದುಕೊಂಡು ಸಿಳ್ಳೆ ಹಾಕಿದರು. ಪರದೆಯ ಮೇಲೆ ಬಣ್ಣದ ಸ್ಲೈಡು ಮೂಡಿತು. ಕಾಲುವೆ ನೀರಿನಲ್ಲಿ ಕಮಲದ ಹೂವು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ತಂಪುಗಾಳಿ ಮತ್ತು ವಿದ್ಯುತ್ ವ್ಯವಸ್ಥೆ, ಹೈದರಾಬಾದಿನ ಇಂಜಿನಿಯರ್ ಮಸ್ಕಿಯ ವೆಂಕೋಬ. ಸಿಳ್ಳೆ ಮತ್ತೆ ಎದ್ದಿತು. ಹಿಂದಿನಿಂದ ಯಾರೋ "ನಮ್ಮೂರಾಂವ ಲೇ" ಎಂದು ಕೂಗಿದರು. ವೆಂಕೋಬನ ಕಿವಿ ಬಿಸಿಯಾಯಿತು. ಸಿಕಂದರಾಬಾದಿನ ಕಂಪನಿಯಲ್ಲಿ ಟಾಕೀಸು, ಹೋಟೆಲು, ಬ್ಯಾಂಕುಗಳಿಗೆ ಗಾಳಿಯ ದಾರಿ, ಕರೆಂಟಿನ ದಾರಿ ಬರೆಯುತ್ತ ಅವನು ತನ್ನ ಯೌವನವನ್ನೆಲ್ಲ ಕಳೆದಿದ್ದ. ಆ ಕಟ್ಟಡಗಳ ಮುಂದೆ ಹಾಯುವಾಗ ಒಳಗಿನ ತಂಪು ತನ್ನದು ಎಂದು ಅವನಿಗೊಬ್ಬನಿಗೇ ಗೊತ್ತಿರುತ್ತಿತ್ತು. ನಕ್ಷೆಯ ಮೂಲೆಯಲ್ಲಿ ರುಜು ಬೇರೆಯವರದು. ಈಗ ಹೆಸರು ಗೋಡೆಯಷ್ಟು ದೊಡ್ಡದಾಗಿ ಎದುರಿಗಿದೆ, ಕಾಲ ಕೆಳಗಿನ ಜಾಲರಿ ಬಿಸಿಯಾಗಿದೆ. ಅಡ್ಡಗೋಡೆಯ ಆಚೆಯಿಂದ ಸೆರಗು ಬೀಸಿಕೊಳ್ಳುವ ಸದ್ದು ಕೇಳಿತು. ಒಬ್ಬರದಲ್ಲ, ಸಾಲುಸಾಲು ಹೆಂಗಸರದು. ಎಲ್ಲೋ ಒಂದು ಕೂಸು ಅಳುತ್ತಿತ್ತು, ತಾಯಿ ಉಫ್ ಉಫ್ ಎಂದು ಅದರ ನೆತ್ತಿಗೆ ಊದುತ್ತಿದ್ದಳು.

ಬಾಯಿಂದ ಊದುತ್ತಿದ್ದಾಳೆ. ಅವನು ಬಗ್ಗಿ ಜಾಲರಿಗೆ ಅಂಗೈ ಒತ್ತಿದ. ಏನೂ ಇಲ್ಲ. ಪಕ್ಕದವನು, ಗೊರೇಬಾಳದ ಕಡೆಯ ರೈತನಿರಬೇಕು, "ಏನ್ ಬಿತ್ರೀ?" ಎಂದು ತಾನೂ ಬಗ್ಗಿದ. "ಏನಿಲ್ಲ" ಎಂದ ವೆಂಕೋಬ, ಕದ್ದು ಸಿಕ್ಕಿಬಿದ್ದವನಂತೆ ಕೈ ಹಿಂದಕ್ಕೆಳೆದುಕೊಂಡ. ಪರದೆಯ ಮೇಲೆ ಕುದುರೆಗಳು ಓಡತೊಡಗಿದವು. ಅವನಿಗೆ ಕುದುರೆ ಕಾಣಲಿಲ್ಲ. ಬೆಳ್ಳನೆ ಹಾಳೆಯ ಮೇಲೆ ತಾನು ಎಳೆದ ಮೊದಲ ಗೆರೆ ಕಂಡಿತು. ಮದುವೆಯಾದ ಹೊಸದರಲ್ಲಿ ಮಸ್ಕಿಯ ತಗಡಿನ ಟಾಕೀಸಿನಲ್ಲಿ ಹೆಂಡತಿ ಕನಕಮ್ಮ ಸೆಕೆಗೆ ತಲೆ ತಿರುಗಿ ಬಿದ್ದಿದ್ದಳು. ಯಾರೋ ಅವಳ ಮುಖಕ್ಕೆ ನೀರು ಚೆಲ್ಲಿ, ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಮಲಗಿಸಿ, ಗಂಡ ಎಲ್ಲಿ ಎಂದು ಹುಡುಕಿದ್ದರು. ಎಲ್ಲ ಟಾಕೀಸುಗಳ ನಕ್ಷೆಯನ್ನೂ ಅವನು ಪರದೆಯಿಂದ ಇಲ್ಲವೆ ಬಾಲ್ಕನಿಯಿಂದ ಶುರುಮಾಡಿದ್ದರೆ, ಇದೊಂದನ್ನು ಮಾತ್ರ ಹೆಂಗಸರ ಕಡೆಯಿಂದ ಶುರುಮಾಡಿದ್ದ. ಯಾಕೆಂದು ಅವಳಿಗೆ ಹೇಳಿರಲಿಲ್ಲ. ಇವತ್ತು ಅವಳು ಗೋಡೆಯಾಚೆ ಕೂತಿರುತ್ತಾಳೆ, ಗಾಳಿ ಪಾದಕ್ಕೆ ತಾಗಿದಾಗ ತಾನಾಗಿಯೇ ತಿಳಿದುಕೊಳ್ಳುತ್ತಾಳೆ ಎಂದುಕೊಂಡಿದ್ದ. ಮಾತಿನಲ್ಲಿ ಹೇಳಲಾಗದ್ದನ್ನು ಇಟ್ಟಿಗೆ, ಗಾರೆ, ಪಂಖ ಸೇರಿಸಿ ಹೇಳಬಹುದೆಂದು ನಂಬಿ ಬದುಕಿದ ಮನುಷ್ಯ ಅವನು.

ಚಪ್ಪಲಿ ಮೆಟ್ಟಿಕೊಂಡು ಎದ್ದು ಹೊರಗೆ ಬಂದ. ಮಧ್ಯಾಹ್ನದ ಬಿಸಿಲು ಮುಖಕ್ಕೆ ಹೊಡೆಯಿತು. ಹೊರಗಿನಿಂದ ನೋಡಿದರೆ ಬಸ್ಸಪ್ಪನ ಟಾಕೀಸು ನಿಜಕ್ಕೂ ಸಿಂಧನೂರಿನ ಕಟ್ಟಡದಂತೆ ಇರಲಿಲ್ಲ. ಹಡಗಿನ ಮೂತಿಯಂತೆ ದುಂಡಗೆ ಬಾಗಿದ ಮುಂಗೋಡೆ, ಅದರ ನಡುವೆ ದೀಪದ ಗೋಪುರ, ಸುತ್ತ ನೆಲ್ಲು ತುಂಬಿದ ಬಂಡಿಗಳ ಧೂಳು. ಕಾಲುವೆಗೆ ನೀರು ಬಂದು, ಜೋಳದ ಹೊಲಗಳು ನೆಲ್ಲಿನ ಗದ್ದೆಗಳಾಗಿ, ಬಸ್ಸಪ್ಪ ಅಕ್ಕಿ ಗಿರಣಿ ಹಾಕಿ, ಗಿರಣಿಯಿಂದ ಟಾಕೀಸಿನ ಕನಸಿಗೆ ಬಂದಿದ್ದ. ಮಸ್ಕಿಯ ಸಾಲೆಯಲ್ಲಿ ವೆಂಕೋಬನ ಪಕ್ಕ ಕೂತವನು ಅವನು. ಹೈದರಾಬಾದಿಗೆ ತಾನೇ ಬಂದು, ಒಂಟಿ ಕೋಣೆಯ ಮನೆಯಲ್ಲಿ ನೆಲದ ಮೇಲೆ ಕೂತು ಉಂಡು, "ಮಂದಿ ಊರಿಗೆ ತಂಪು ಮಾಡಿದ್ದು ಸಾಕು, ನಮ್ಮೂರಿಗೆ ಬಾರಲೇ" ಎಂದು ಕರೆದಿದ್ದ. ಆ ದಿನ ಕನಕಮ್ಮನ ಮುಖ ಅರಳಿದ್ದು ವೆಂಕೋಬನಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು.

ಪಂಖದ ಕೋಣೆಯ ನೆರಳಿನಲ್ಲಿ ಮೇಸ್ತ್ರಿ ಹುಸೇನ್‌ಸಾಬ್ ತಲೆಯ ಟವಲು ಹಾಸಿಕೊಂಡು ಕೂತಿದ್ದ. ಇಡೀ ಕಟ್ಟಡವನ್ನು ಕಟ್ಟಿದವನು. ನೆಲದಡಿಯ ದಾರಿಗೆ ಗಾಳಿಗಾಲುವೆ ಎಂದು ಹೆಸರಿಟ್ಟವನೂ ಅವನೇ. ಆ ಹೆಸರು ಎಲ್ಲರ ಬಾಯಲ್ಲೂ ನಿಂತಿತ್ತು.

"ಇಂಜಿನೀರ್ ಸಾಬ್ರ, ಒಳಗ ಕುಂತಿಲ್ಲೇನ್ರಿ?" ಎಂದು ಎದ್ದು ನಿಂತ.

"ಹುಸೇನ್‌ಸಾಬ್, ಎಡಗಡಿ ಕಾಲುವ್ಯಾಗ ಇಟ್ಟಂಗಿ ಏನಾರ ಬಿದ್ದೈತೇನು? ಕೊನೀಗೆ ಗಾಳಿ ಬರವಲ್ದು."

ಹುಸೇನ್‌ಸಾಬ್ ಟವಲು ಕೊಡವಿದ. ಕೊಡವಿದ್ದನ್ನೇ ಮತ್ತೆ ಕೊಡವಿದ. "ಬಿದ್ದಿಲ್ರಿ" ಎಂದ. ಆಮೇಲೆ ನೆಲ ನೋಡುತ್ತ, "ಕಟ್ಟೀವ್ರಿ" ಎಂದ.

"ಏನು ಕಟ್ಟೀರಿ?"

"ಗೋಡಿ ರೀ. ಕವಲು ಒಡಿಯೋ ಜಾಗಾದಾಗ. ನೀವು ಸಣ್ಣ ಪಂಖಾ ತರಾಕ ಹೈದ್ರಾಬಾದಿಗೆ ಹೋಗಿದ್ರಲ್ರಿ, ಆವಾಗ. ಬಸ್ಸಪ್ಪ ಸಾವ್ಕಾರ್ರು ನಿಂತು ಕಟ್ಟಿಸ್ಯಾರ. ನಿಮಗ ಮಾಲೂಮ್ ಐತಿ, ನಿಮ್ಮ ಮಾತಿನ ಮ್ಯಾಲೇ ಕಟ್ಟಿಸಾಕತ್ತೀನಿ ಅಂದ್ರು."

"ಬಂದ ಮ್ಯಾಲ ನನಗ ಒಂದು ಮಾತು ಕೇಳಬಾರದಿತ್ತೇನು?"

"ಕೇಳಬೇಕಂತ ಬಾಯಿಗೆ ಬಂದಿತ್ರೀ. ಖುದಾ ಕಸಮ್. ಆ ಗೋಡಿಗೆ ಸಿಮೆಂಟಿನ ಗಿಲಾಯ ಮಾಡೋ ದಿನ ನಿಮ್ಮ ಮನಿ ಬಾಯಾರು, ಕನಕಮ್ಮಾರು, ಸಾವ್ಕಾರ್ರ ಹೆಣ್ಮಕ್ಕಳ ಜೋಡಿ ಟಾಕೀಸ್ ನೋಡಾಕ ಬಂದಿದ್ರು. ಇದೇನು ಅಂತ ಕೇಳಿದ್ರು, ಹೇಳಿದೆ. ಅವರು ಸುಮ್ಕ ನೋಡಿ ಹೋದ್ರು. ಅವರಿಗೇ ಗೊತ್ತೈತಿ ಅಂದ ಮ್ಯಾಲ ನಿಮಗ ಗೊತ್ತಿರ್ತೈತಿ ಅಂದ್ಕೊಂಡೆ ರೀ."

ವೆಂಕೋಬ ತಲೆಯಾಡಿಸಿದ. ಹೌದು, ಗೊತ್ತಿತ್ತು ಎನ್ನುವ ಹಾಗೆ. ಹಾಗೆ ತಲೆಯಾಡಿಸಿದ್ದು ಯಾಕೆಂದು ಅವನಿಗೇ ತಿಳಿಯಲಿಲ್ಲ. ಮೇಸ್ತ್ರಿಯ ಮುಂದೆ ಮೋಸ ಹೋದವನಂತೆ ಕಾಣುವುದಕ್ಕಿಂತ ಮೋಸದಲ್ಲಿ ಪಾಲುದಾರನಂತೆ ಕಾಣುವುದೇ ಆ ಗಳಿಗೆಗೆ ಹಗುರವೆನಿಸಿರಬೇಕು. ಹುಸೇನ್‌ಸಾಬನ ಮುಖದ ಮೇಲೆ ಒಂದು ಸಮಾಧಾನ ಬಂದು ಕೂತಿತು. ಆ ಸಮಾಧಾನವನ್ನು ನೋಡಲಾಗದೆ ವೆಂಕೋಬ ಪಂಖದ ಕೋಣೆಯೊಳಕ್ಕೆ ಹೋದ.

ಒಳಗೆ ಅವನ ಯಂತ್ರ ಒಂದೇ ಸಮನೆ ತಿರುಗುತ್ತಿತ್ತು. ಎತ್ತರದ ತೊಟ್ಟಿಯಿಂದ ನೀರು ಲಾವಂಚದ ತಟ್ಟಿಗಳ ಮೇಲೆ ಇಳಿದು, ಪಂಖ ಆ ತಂಪನ್ನು ಸೆಳೆದು ನೆಲದ ಬಾಯಿಗೆ ನೂಕುತ್ತಿತ್ತು. ಅಲ್ಲಿಂದ ದಾರಿ ಮೂರು ಕವಲು: ಬಲಕ್ಕೆ ಗಂಡಸರ ಬೆಂಚು, ಮೇಲಕ್ಕೆ ಬಾಲ್ಕನಿ, ಎಡಕ್ಕೆ ಹೆಂಗಸರ ಕಡೆ. ಒಂದೊಂದು ಕವಲಿನ ಬಾಯಿಗೂ ಒಂದೊಂದು ತಗಡಿನ ಹಲಗೆ. ನಕ್ಷೆ ಬಿಡಿಸಿ ತೋರಿಸಿದ ದಿನ ಬಸ್ಸಪ್ಪನಿಗೆ ಅರ್ಥವಾಗಿರಲಿಲ್ಲ. ಕಾಲುವೆಯ ತೂಬು ಇದ್ದ ಹಾಗೆ, ಮೇಲಿನವರು ಜಾಸ್ತಿ ಎತ್ತಿದರೆ ಕೊನೆಯ ಹೊಲಕ್ಕೆ ನೀರಿಲ್ಲ, ಅದಕ್ಕೇ ಹಲಗೆ ಅಳೆದು ಇಟ್ಟಿದ್ದೇನೆ, ಎಂದು ವೆಂಕೋಬ ವಿವರಿಸಿದ್ದ. "ಎಲಾ ಇವನ! ಹಿಂಗಾ ಇದು? ಹಂಗಾದ್ರ ನನಗ ಪೂರಾ ತಿಳೀತು ಬಿಡು" ಎಂದು ಬಸ್ಸಪ್ಪ ತೊಡೆ ತಟ್ಟಿಕೊಂಡಿದ್ದ. ಪೂರಾ ತಿಳಿದಿತ್ತು. ತಿಳಿಸಿಕೊಟ್ಟವನು ತಾನೇ. ಎಡಗಡೆಯ ಹಲಗೆ ಎತ್ತಿ ನೋಡಿದ. ಅದರ ಹಿಂದೆ ಸಿಮೆಂಟಿನ ನುಣುಪು ಗೋಡೆ. ಹುಸೇನ್‌ಸಾಬನ ಕೈಯ ಒಳ್ಳೆಯ ಕೆಲಸ. ಒಂದು ಬಿರುಕಿಲ್ಲ.

ಹೈದರಾಬಾದಿನಿಂದ ಸಣ್ಣ ಪಂಖದೊಂದಿಗೆ ಮರಳಿದ ದಿನ ಈಗ ಅವನ ನೆನಪಿನಲ್ಲಿ ಬೇರೆಯೇ ಬೆಳಕಿನಲ್ಲಿ ಎದ್ದು ನಿಂತಿತು. ಬಾಲ್ಕನಿಗೆ ತಂಪು ಸಾಲದೆಂದೇ ಅವನು ಹೋಗಿದ್ದು. ಬಂದಾಗ ಬಸ್ಸಪ್ಪ, "ಪಂಖಾ ಬ್ಯಾಡ ಬಿಡು, ಗಾಳಿ ತಾನಾ ಸರಿ ಹೋಗೇತಿ, ನೋಡು" ಎಂದು ಬಾಲ್ಕನಿಗೆ ಕರೆದೊಯ್ದಿದ್ದ. ನಿಜಕ್ಕೂ ಗಾಳಿ ಜೋರಾಗಿತ್ತು. ಹೆಂಗಸರ ಕಡೆಗೆ ಬೀಗ. ನೆಲಕ್ಕೆ ಪಾಲಿಶ್ ನಡೆದಿದೆ ಎಂದರು. ಅವನಿಗೆ ಅನುಮಾನ ಬರಲಿಲ್ಲವೆಂದಲ್ಲ. ಅನುಮಾನ ಬರುವ ಮೊದಲೇ ಅವನ ಓದು ಅದಕ್ಕೊಂದು ಕಾರಣ ಹುಡುಕಿ ಕೊಟ್ಟಿತ್ತು. ಗಾರೆ ಒಣಗಿ ಗಾಳಿಗಾಲುವೆಯ ಒಳಮೈ ನುಣುಪಾದ ಮೇಲೆ ಗಾಳಿಗೆ ತಡೆ ಕಡಿಮೆಯಾಗುತ್ತದೆ, ಅದಕ್ಕೇ ಹೀಗೆ, ಎಂದು ಅವನು ಬಸ್ಸಪ್ಪನಿಗೆ ಬಿಡಿಸಿ ಹೇಳಿದ್ದ. ಬಸ್ಸಪ್ಪ ಹೌದೌದೆಂದು ತಲೆದೂಗಿದ್ದ. ಹುಸೇನ್‌ಸಾಬನಿಗೆ ಹೇಳಿದ್ದ, ಅವನು ಬಾಯಿ ಮುಚ್ಚಿಕೊಂಡು ಕೇಳಿದ್ದ. ಸಂಜೆ ಮನೆಯಲ್ಲಿ ಒಲೆಯ ಮುಂದೆ ಕೂತು, ರೊಟ್ಟಿ ಬಡಿಯುತ್ತಿದ್ದ ಕನಕಮ್ಮನಿಗೂ ಬೆರಳಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದ್ದ. ಅವಳು ಬಡಿಯುವುದನ್ನು ನಿಲ್ಲಿಸಿ, ಅವನ ಮುಖವನ್ನೇ ನೋಡಿ, "ಹೌದೇನ್ರಿ?" ಎಂದಿದ್ದಳು. ಎಷ್ಟು ಮೆತ್ತಗೆ ಕೇಳಿದ್ದಳು! ತನ್ನ ವಿದ್ಯೆಗೆ ಬೆರಗಾಗಿದ್ದಾಳೆ ಎಂದುಕೊಂಡು ಅವನು ಆ ರಾತ್ರಿ ಒಂದು ರೊಟ್ಟಿ ಹೆಚ್ಚಿಗೆ ತಿಂದಿದ್ದ. ಈಗ ನೆನೆದರೆ ಮೈಮೇಲಿನ ಚರ್ಮವೆಲ್ಲ ಚುರುಗುಟ್ಟಿತು. ಗೋಡೆ ಕಟ್ಟಿದ್ದನ್ನಾದರೂ ಸಹಿಸಬಹುದಿತ್ತು. ಕಟ್ಟಿದವರ ಮುಂದೆಲ್ಲ ನಿಂತು ಆ ಗೋಡೆಗೆ ಶಾಸ್ತ್ರ ಹೇಳಿ ಬಂದಿದ್ದನಲ್ಲ.

ಬಾಲ್ಕನಿಯ ಮೆಟ್ಟಿಲು ಹತ್ತಿದ. ಬಾಗಿಲ ಪರದೆ ಸರಿಸಿದ ಕೂಡಲೇ ತಂಪು ಎದೆಗೆ ಬಂದು ಮುಟ್ಟಿತು. ಕತ್ತಿನ ಬೆವರು ಆರಿತು. ಎಷ್ಟು ಹಿತವಾಗಿತ್ತೆಂದರೆ ಒಂದು ಗಳಿಗೆ ಅವನು ಯಾಕೆ ಬಂದೆನೆಂಬುದನ್ನೇ ಮರೆತು ಕಣ್ಣು ಮುಚ್ಚಿದ. ತನ್ನ ಮೈಯೂ ಅವರ ಕಡೆಗೇ ಸೇರಿಕೊಂಡಿದೆ ಎನಿಸಿ ಅಸಹ್ಯವಾಯಿತು. ಸಾಹೇಬರು ತಿರುಗಿ ನೋಡಿ, "ಭಾಳ ಛಲೋ ಮಾಡೀರಿ ಇಂಜಿನಿಯರ್ರ, ನಮ್ಮ ಬಂಗಲೇದಾಗೂ ಇಷ್ಟು ತಂಪಿಲ್ಲ" ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ವೆಂಕೋಬ ಕೈ ಮುಗಿದ. ಕೈ ತಾನಾಗಿಯೇ ಮುಗಿಯಿತು.

"ಲೇ ವೆಂಕ್ಯಾ, ಎಲ್ಲಿ ಹೋಗಿದ್ದಿ? ಈ ಕುರ್ಚಿ ನಿಂದು, ಕುಂದ್ರು ಬಾ" ಎಂದ ಬಸ್ಸಪ್ಪ. ರೇಷ್ಮೆ ಅಂಗಿ, ಹಣೆಗೆ ವಿಭೂತಿ, ಮದುವೆಮನೆಯ ಯಜಮಾನನ ಮುಖ.

"ಹೊರಗ ಬಾ."

ಮೆಟ್ಟಿಲ ತಿರುವಿನಲ್ಲಿ ಇಬ್ಬರೂ ನಿಂತರು. ಕೆಳಗಿನಿಂದ ಚಿತ್ರದ ಹಾಡು ಮಸುಕಾಗಿ ಬರುತ್ತಿತ್ತು.

"ಗೋಡಿ ಯಾಕ ಕಟ್ಟಿಸಿದಿ?"

ಬಸ್ಸಪ್ಪ ಇಲ್ಲವೆನ್ನಲಿಲ್ಲ. ಇಲ್ಲವೆಂದು ಒಂದು ಸಾರಿಯಾದರೂ ಅನ್ನಲಿ ಎಂದು ವೆಂಕೋಬ ಒಳಗೊಳಗೇ ಬೇಡಿಕೊಳ್ಳುತ್ತಿದ್ದ. "ಇವತ್ತಾ ಕೇಳಬೇಕೇನೋ ಇದನ್ನ?" ಎಂದ ಬಸ್ಸಪ್ಪ, ಸಣ್ಣ ಮಗುವಿನ ಹಟಕ್ಕೆ ನಗುವವನಂತೆ. "ಮ್ಯಾಲ ತಂಪು ಸಾಲವಲ್ದು ಅಂದಾಂವ ನೀನಾ. ಸಾಹೇಬ್ರು ಬರೂ ದಿನ ಗೊತ್ತಾಗಿತ್ತು. ನೀ ಪಂಖಾ ತಂದು, ಮತ್ತ ಗ್ವಾಡಿ ಒಡದು, ಮತ್ತ ಜೋಡಿಸಿ, ಯಾವಾಗ ಮುಗೀತಿತ್ತು ಅದು?"

"ಕೆಳಗ ಹೆಣ್ಮಕ್ಳು ಕುದ್ಯಾಕತ್ತಾರ. ಕೂಸು ಅಳಾಕತ್ತಾವ."

"ಅಳಲಾರದ ಕೂಸು ಯಾವು ಅದಾವೋ? ಬಿಸಲಾಗ ನಡ ಬಗ್ಗಿಸಿ ನೆಲ್ಲು ಹಚ್ಚೋ ಮಂದಿ ಅವ್ರು. ಪಿಚ್ಚರ್ ನೋಡಾಕ ಬಂದಾರ, ಗಾಳಿ ತಗೊಳ್ಳಾಕ ಬಂದಿಲ್ಲ."

"ಹಂಗಾದ್ರ ನನ್ನ ಹೆಸರು ತಗಸು. ಪರದೇದ ಮ್ಯಾಲ ನನ್ನ ಹೆಸರು ಬ್ಯಾಡ."

"ಹುಚ್ಚ ಆಗೀಯೇನು? ಮಸ್ಕಿಯಿಂದ, ಬಳಗಾನೂರಿಂದ ಬಸ್ಸು ತುಂಬಿ ಮಂದಿ ಬಂದಾರ. ನಮ್ಮ ಹುಡುಗ ಗಾಳಿ ಕಟ್ಯಾನ ಅಂತ ಬಂದಾರ ಅವ್ರು. ನಿನ್ನ ಹೆಸರು ತಗದ್ರ ಟಾಕೀಸಿಗೆ ಏನ್ ಉಳೀತು?" ಬಸ್ಸಪ್ಪ ಅವನ ಹೆಗಲ ಮೇಲೆ ಕೈ ಹಾಕಿದ. ಆ ಕೈಯಲ್ಲಿ ಹಳೆಯ ಸಲುಗೆ ಹಾಗೇ ಇತ್ತು, ಅದೇ ತಾಳಲಾಗದ್ದು.

"ನನಗ ಒಂದು ಮಾತು ಹೇಳಬೇಕಿತ್ತು ನೀ."

"ಹೇಳಿದ್ರ ಒಪ್ಪತಿದ್ದೇನು? ಒಪ್ಪತಿದ್ದಿಲ್ಲ. ಅದಕ್ಕಾ ಹೇಳ್ಲಿಲ್ಲ. ನಿನ್ನ ಮನಸ್ಸು ಯಾಕ ನೋಯ್ಸೂದು ಅಂತ ಬಿಟ್ಟೆ."

ಒಳಗಿನಿಂದ ಸಾಹೇಬರ ಕೆಮ್ಮು ಕೇಳಿತು. ಬಸ್ಸಪ್ಪ ಅವನ ಬೆನ್ನು ತಟ್ಟಿ, ಪರದೆ ಸರಿಸಿಕೊಂಡು ತಂಪಿನೊಳಕ್ಕೆ ಹೋದ.

ಮತ್ತೆ ಪಂಖದ ಕೋಣೆಗೆ ಬಂದಾಗ ವೆಂಕೋಬನ ಕಣ್ಣು ಗೋಡೆಯ ಮೇಲಿನ ದೊಡ್ಡ ಸ್ವಿಚ್ಚಿನ ಮೇಲೆ ಬಿತ್ತು. ಇಡೀ ಕಟ್ಟಡದ ಕರೆಂಟು ಅದರ ಹಿಡಿಯಲ್ಲಿತ್ತು. ಒಂದು ಸಾರಿ ಕೆಳಕ್ಕೆಳೆದರೆ ಕುದುರೆ, ಹಾಡು, ಪರದೆ, ಗೋಪುರದ ದೀಪ, ಬಾಲ್ಕನಿಯ ತಂಪು ಎಲ್ಲವೂ ನಿಲ್ಲುತ್ತದೆ. ಕೈ ಹಿಡಿಯ ಮೇಲೆ ಹೋಗಿ ನಿಂತಿತು. ಕತ್ತಲಾಗುತ್ತದೆ. ಕತ್ತಲಾದರೆ ಮೊದಲು ಏಳುವವರು ಯಾರು? ಕೂಸು ಎತ್ತಿಕೊಂಡವರು. ಮೊದಲು ಎಡವಿ ಬೀಳುವವರು ಯಾರು? ಅವರೇ. ಬಾಲ್ಕನಿಯವರು ಕುರ್ಚಿಯ ಕೈ ಹಿಡಿದು ಸುಮ್ಮನೆ ಕಾಯುತ್ತಾರೆ. ಯಾವ ದೀಪ ಆರಿದರೆ ಯಾವ ಕಡೆಗೆ ಜನ ನುಗ್ಗುತ್ತಾರೆ ಎಂಬುದನ್ನೆಲ್ಲ ಅವನು ನಕ್ಷೆಯಲ್ಲಿ ಯೋಚಿಸಿ ಬರೆದಿದ್ದ. ಆ ನಕ್ಷೆಯಲ್ಲಿ ಸೇಡಿಗೆ ಜಾಗ ಬಿಟ್ಟಿರಲಿಲ್ಲ. ಕೈ ಇಳಿಸಿದ. ಮೋಟರಿನ ಮೈ ಮುಟ್ಟಿ ನೋಡಿದ, ಹೆಚ್ಚು ಕಾದಿರಲಿಲ್ಲ. ಇಂಥ ಹೊತ್ತಿನಲ್ಲೂ ಮೋಟರಿನ ಬಿಸಿ ನೋಡಿದೆನಲ್ಲ ಎಂದು ನಗು ಬಂದಂತಾಯಿತು.

ಕಟ್ಟಡ ಸುತ್ತಿ ಹೆಂಗಸರ ಬಾಗಿಲ ಕಡೆ ಬಂದ. ಬಾಗಿಲ ಹೊರಗೆ ಬ್ಯಾಟರಿ ಹಿಡಿದು ಮೀರಾಬಿ ನಿಂತಿದ್ದಳು, ಹೆಂಗಸರಿಗೆ ಜಾಗ ತೋರಿಸಲು ಬಸ್ಸಪ್ಪ ನೇಮಿಸಿದವಳು. ಅವಳ ಕಾಲ ಬಳಿ, ಮೆಟ್ಟಿಲ ಮೇಲೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಮುದುಕಿಯೊಬ್ಬಳು ಕುಸಿದು ಕೂತಿದ್ದಳು. ಹತ್ತಿರ ಹೋದರೆ ಬಳಗಾನೂರಿನ ಗ್ಯಾನಮ್ಮ, ತಾಯಿಯ ತಂಗಿ. ಅವನ ಹೆಸರು ಕೇಳಿಯೇ ಬಸ್ಸು ಹತ್ತಿ ಬಂದವಳು.

"ಚಿಗವ್ವ, ಏನಾತು?"

"ಏನಿಲ್ಲಪಾ. ಒಳಗ ಒಲಿಮುಂದ ಕುಂತಂಗ ಆತು, ಎದಿ ಹಿಡದಂಗ ಆತು. ಗಾಳಿ ಬಂದ ಮ್ಯಾಲ ಕರಿಯವ್ವಾ ಅಂತ ಈಕಿಗೆ ಹೇಳಿ ಹೊರಗ ಕುಂತೀನಿ." ಅವಳು ಅವನ ಕೈ ಹಿಡಿದು ನಕ್ಕಳು. "ನಿನ್ನ ಗಾಳಿ ಯಾವಾಗ ಬಿಡ್ತಾರೋ ವೆಂಕೋಬ?"

ವೆಂಕೋಬ ಕೈ ಬಿಡಿಸಿಕೊಂಡ. ಮೀರಾಬಿಯನ್ನು ದಾಟಿ ಹೋಗಿ ಅಗುಳಿ ತೆಗೆದ. "ಸಾವ್ಕಾರ್ರು ತೆರೀಬ್ಯಾಡ ಅಂದಾರ್ರಿ, ನನ್ನ ಬೈತಾರ್ರಿ" ಎಂದು ಅವಳು ಹಿಂದೆಯೇ ಬಂದಳು. ಎರಡೂ ಕದಗಳನ್ನು ಅವನು ಹೊರಕ್ಕೆಳೆದು ಗೋಡೆಗೆ ಒರಗಿಸಿದ.

ಬೆಳಕು ಕೊಡ ಉರುಳಿಸಿದಂತೆ ಒಳಕ್ಕೆ ಹರಿಯಿತು. ಅದರ ಜೊತೆಗೆ ಗದ್ದೆಯ ಕಡೆಯಿಂದ ಬೀಸುತ್ತಿದ್ದ ಗಾಳಿಯೂ ಹೋಯಿತು, ನಿಜವಾದ ಗಾಳಿ. ಮುಂದಿನ ಸಾಲಿನ ಹೆಂಗಸರ ಮುಂಗೂದಲು ಅಲುಗಾಡಿದ್ದನ್ನು ಅವನು ಕಂಡ. ಬೆವರಿನಿಂದ ಹೊಳೆಯುವ ಮುಖಗಳು, ತೊಡೆಯ ಮೇಲೆ ಬಾಡಿ ಮಲಗಿದ ಕೂಸುಗಳು, ಎತ್ತಿ ಹಿಡಿದ ಸೆರಗುಗಳು. ಬಂತು, ಗಾಳಿ ಬಂತು ಎಂದು ಯಾರಾದರೂ ಅನ್ನುತ್ತಾರೆಂದು ಅವನು ಕಾದ. ಪರದೆಯ ಮೇಲಿನ ನಾಯಕಿ ಬೆಳಕಿನಲ್ಲಿ ಕರಗಿ, ಮಾತು ಮಾತ್ರ ಉಳಿದಿತ್ತು. ಗಂಡಸರ ಕಡೆಯಿಂದ ಕೂಗು ಎದ್ದಿತು, ಬೈಗುಳ ಎದ್ದಿತು. ಅದು ಅವನಿಗೆ ನಾಟಲಿಲ್ಲ. ಆಮೇಲೆ ಹೆಂಗಸರ ಕಡೆಯಿಂದಲೇ ಒಂದು ದನಿ ಬಂತು.

"ಯಾರಬೇ ಅದು ಬಾಗಲ್ದಾಗ? ಹಾಕ್ರಿ ಅತ್ಲಾಗ!"

"ಏನೂ ಕಾಣವಲ್ದು, ಬಾಗ್ಲಾ ಹಾಕ್ರಿ!"

"ಅವ್ವಾ, ಇಲ್ಲಿ ಗಾಳಿ ಬರೂದಿಲ್ಲ" ಎಂದ ವೆಂಕೋಬ. ದನಿ ಅವನದೆಂದು ಅವನಿಗೇ ಅನಿಸಲಿಲ್ಲ. "ನಿಮ್ಮ ಕಡಿ ಗೋಡಿ ಕಟ್ಯಾರ. ನನಗ ತಿಳೀದಂಗ ಕಟ್ಯಾರ."

"ಗಾಳಿ ನಮ್ಮ ಹೊಲದಾಗ ಬೇಕಾದಷ್ಟೈತಿ. ಪಿಚ್ಚರ್ ಬಿಡಪಾ ನೀ!" ಎಂದಳು ಒಬ್ಬಳು. ಸಾಲಿಗೆ ಸಾಲೇ ನಕ್ಕಿತು. ಆ ನಗುವಿನ ನಡುವಿನಿಂದ ಎದ್ದು, ಕೂತವರ ಮೊಳಕಾಲುಗಳನ್ನು ದಾಟಿಕೊಂಡು, ಇಳಕಲ್ ಸೀರೆಯ ಸೆರಗನ್ನು ತಲೆ ತುಂಬ ಹೊದ್ದು ಕನಕಮ್ಮ ಬಾಗಿಲಿಗೆ ಬಂದಳು. ಅವಳ ಕತ್ತಿನಲ್ಲಿ ಬೆವರು ಸಾಲಾಗಿ ಇಳಿಯುತ್ತಿತ್ತು.

"ಬಾಗ್ಲಾ ಬಿಡ್ರಿ" ಎಂದಳು ಮೆಲ್ಲಗೆ.

"ಗೋಡಿ ಕಟ್ಯಾರ ಕನಕಾ."

"ಗೊತ್ತೈತ್ರಿ."

"ಗೊತ್ತಿದ್ದೂ ನನಗ ಯಾಕ ಹೇಳ್ಲಿಲ್ಲ? ನಾ ನೆಲದ ಮ್ಯಾಲ ಗೆರಿ ಎಳದು ಹೇಳಾಕತ್ತಾಗ ಕೇಳ್ಕೋತ ಕುಂತಿದ್ದೆಲ್ಲ ನೀ."

ಅವಳು ಹಿಂದಕ್ಕೊಮ್ಮೆ ತಿರುಗಿ ನೋಡಿದಳು. ಮತ್ತೆ ಅವನ ಕಡೆಗೆ ತಿರುಗಿದಾಗ ಅವಳ ಕಣ್ಣಿನಲ್ಲಿ ತಪ್ಪಿತಸ್ಥಳ ಅಂಜಿಕೆ ಇರಲಿಲ್ಲ. ಬಹಳ ದಿನ ಹೊತ್ತದ್ದನ್ನು ಇಳಿಸುವವಳ ದಣಿವು ಇತ್ತು.

"ಹೇಳಿದ್ರ ನೀವು ಮರುದಿನಾನ ಪೆಟ್ಟಿಗಿ ಕಟ್ಟತಿದ್ರಿ. ಮತ್ತ ಆ ಹೈದ್ರಾಬಾದಿನ ಕ್ವಾಣಿ. ನೀವು ಮುಂಜಾನೆ ಹ್ವಾದ್ರ ಸಂಜೀಕ ಬರ್ತಿದ್ರಿ. ಮಾತಾಡಿಸೋರಿಲ್ಲ, ನಾ ಗ್ವಾಡಿ ನೋಡ್ಕೋತ ಕುಂದ್ರತಿದ್ದೆ. ಇಲ್ಲಿ ನನಗ ಮಂದಿ ಅದಾರ್ರಿ. ಬಾವಿ ಕಟ್ಟಿಗೆ ಹ್ವಾದ್ರ ಹೆಸರು ಹಿಡದು ಕರೀತಾರ." ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. "ನಿಮ್ಮ ಒಂದು ಗ್ವಾಡಿಗೆ ನಾ ಎಷ್ಟು ಸಲ ಊರು ಬಿಡಬೇಕ್ರೀ?"

"ಇದನ್ನ ನಾ ನಿನಗಂತ ಬರದಿದ್ದೆ" ಎಂದ ಅವನು. ಹೇಳಿದ ಮೇಲೆ ಅದು ಎಷ್ಟು ಚಿಕ್ಕ ಮಾತಾಗಿ ಕೇಳಿಸಿತೆಂದರೆ, ಹೇಳಬಾರದಿತ್ತು ಎನಿಸಿತು.

ಕನಕಮ್ಮ ಅವನನ್ನೇ ನೋಡಿದಳು. ಏನೋ ಹೇಳಲು ತುಟಿ ತೆರೆದಳು. ಒಳಗಿನಿಂದ ಮತ್ತೆ ಕೂಗು ಬಂತು, "ಅಕ್ಕಾ, ನಿನ್ನ ಗಂಡಗ ಮನ್ಯಾಗ ಮಾತಾಡು ಅನ್ನಬೇ!" ಅವಳು ನಾಚಿ, ನಾಚಿಕೆಯಲ್ಲೇ ನಕ್ಕು, "ಮನಿಗೆ ಬಂದ ಮ್ಯಾಲ ಬೈರಿ. ಈಗ ಬಿಡ್ರಿ, ಮಂದಿ ಬಾಯಿ ಮಾಡಾಕತ್ತಾರ" ಎಂದಳು. ಕೈ ಚಾಚಿ ಒಂದು ಕದ ಎಳೆದಳು. ಇನ್ನೊಂದು ಕದಕ್ಕೆ ಅವನ ಕೈ ಒರಗಿತ್ತು. ಅವಳು ಆ ಕೈಯನ್ನು, ಮಲಗಿದ ಮಗುವಿನ ಕೈ ಸರಿಸಿದ ಹಾಗೆ, ಮೆತ್ತಗೆ ಎತ್ತಿ ಪಕ್ಕಕ್ಕಿಟ್ಟು ಬಾಗಿಲು ಹಾಕಿಕೊಂಡಳು. ಒಳಗೆ ಸಿಳ್ಳೆ ಬಿತ್ತು. ಪರದೆಯ ಮೇಲೆ ನಾಯಕಿ ಮರಳಿ ಬಂದಿರಬೇಕು.

ಮೀರಾಬಿ ಏನೂ ಆಗದವಳಂತೆ ಬ್ಯಾಟರಿಯ ಗಾಜು ಒರೆಸುತ್ತ ನಿಂತಳು. ವೆಂಕೋಬ ಮೆಟ್ಟಿಲ ಮೇಲೆ ಗ್ಯಾನಮ್ಮನ ಪಕ್ಕ ಕೂತ. ತೊಡೆಯ ಮೇಲಿದ್ದ ಹಾರ ಎಲ್ಲಿ ಬಿದ್ದಿತ್ತೋ. ಮನೆಗೆ ಹೋಗಬೇಕೆನಿಸಿತು, ಯಾವ ಮನೆಯೆಂದು ತಿಳಿಯಲಿಲ್ಲ. ನಾಳೆಯೂ ಸ್ಲೈಡು ಬೀಳುತ್ತದೆ, ನಾಡಿದ್ದೂ ಬೀಳುತ್ತದೆ. ಸಾಯುವವರೆಗೂ ಈ ಊರಿನಲ್ಲಿ ಅವನು ಗಾಳಿ ಕಟ್ಟಿದ ವೆಂಕೋಬನೇ. ಗೋಡೆ ಒಡೆಯಿರಿ ಎಂದರೆ ಒಡೆಯುವವರಿಲ್ಲ, ತಾನೇ ಒಡೆಯಲು ಹೋದರೆ ತಡೆಯುವವರಲ್ಲಿ ಕನಕಮ್ಮ ಮೊದಲಿಗಳು. ಮುದುಕಿ ಅವನ ಮುಖ ನೋಡಿದಳೋ ಇಲ್ಲವೋ, ಸೀರೆ ಕೊಡವಿಕೊಂಡು ಎದ್ದಳು.

"ಎಲ್ಲಿಗೆ ಚಿಗವ್ವ? ಕುಂದ್ರು. ನೀರು ತರ್ತೀನಿ. ನಿನ್ನ ಬಸ್ಸಿಗೆ ಹತ್ತಿಸಿ ಬರ್ತೀನಿ."

"ಯಾ ಬಸ್ಸೋ? ಪಿಚ್ಚರ್ ಇನ್ನಾ ಅರ್ಧ ಐತಿ. ಆ ಹುಡುಗಿ ತಾಯಿ ಸಿಗ್ತಾಳೋ ಇಲ್ಲೋ ನೋಡಬೇಕು ನಾ." ಅವಳು ಅವನ ಹೆಗಲಿಗೆ ಕೈಯೂರಿ ಒಂದೊಂದೇ ಮೆಟ್ಟಿಲು ಹತ್ತಿದಳು. "ಬಾಗ್ಲಾ ಬಡೀಪಾ ಒಂದೀಟು. ನನ್ನ ಕೈಗೆ ಕಸುವಿಲ್ಲ."

"ಒಳಗ ಗಾಳಿ ಇಲ್ಲ ಚಿಗವ್ವ."

"ಇಲ್ಲಂದ್ರ ಇಲ್ಲ. ಬಡಿ ನೀ."

ವೆಂಕೋಬ ಬಾಗಿಲು ಬಡಿದ. ಕದ ಸಂದಿಯಾಗುವಷ್ಟು ತೆರೆಯಿತು. ಹಸಿರು ಬಳೆಯ ಒಂದು ಕೈ ಹೊರಗೆ ಬಂದು, ಮುದುಕಿಯ ತೋಳು ಹಿಡಿದು, ಜೋಪಾನವಾಗಿ ಒಳಕ್ಕೆಳೆದುಕೊಂಡಿತು. ಕದ ಮುಚ್ಚಿತು. ಬಿಸಿಲಿನಲ್ಲಿ ಕಾದ ಕದದ ತಗಡಿನ ಮೇಲೆ ಅಂಗೈಯಿಟ್ಟು ಅವನು ಅಲ್ಲೇ ನಿಂತ. ಒಳಗೆ ಚಿತ್ರದಲ್ಲಿ ಯಾರೋ ಏನೋ ಮಾತಾಡಿದರು. ಗಂಡಸರ ಕಡೆ, ಹೆಂಗಸರ ಕಡೆ, ಬಾಲ್ಕನಿ, ಇಡೀ ಟಾಕೀಸು ಒಂದೇ ಉಸಿರಿನಲ್ಲಿ ಗೊಳ್ಳೆಂದು ನಕ್ಕಿತು. ಕನಕಮ್ಮನ ನಗುವೂ ಅದರಲ್ಲಿತ್ತು. ಎಷ್ಟು ಜನರ ನಡುವೆಯೂ ಅದನ್ನು ಅವನು ಗುರುತಿಸಬಲ್ಲವನಾಗಿದ್ದ. ಹೈದರಾಬಾದಿನಲ್ಲಿ ಅದನ್ನು ಕೇಳಿದ ನೆನಪು ಮಾತ್ರ ಇರಲಿಲ್ಲ. ಎಲ್ಲರನ್ನೂ ನಗಿಸಿದ್ದು ಏನು ಮಾತಿದ್ದಿರಬಹುದು ಎಂದು ತಿಳಿಯಬೇಕೆನಿಸಿ, ಮೀರಾಬಿ ನೋಡುತ್ತಿದ್ದಾಳೆಂಬುದನ್ನೂ ಲೆಕ್ಕಿಸದೆ, ವೆಂಕೋಬ ಬಾಗಿಲಿಗೆ ಕಿವಿಯಿಟ್ಟ.